ಹಸುವಿನ ಬಾಯಿಗೆ ಕೈ ಹಾಕಿದ ಮೇಲೆ

ಆ ವಾರ ತಿಗನಾರೆಯ ಒಂದು ಮನೆಯ ಹಾಲು ದಿನದಿಂದ ದಿನಕ್ಕೆ ಇಳಿಯುತ್ತಾ ಬಂತು. ಆ ಮನೆಯಲ್ಲಿ ಕರೆಯುವ ಹಸು ಒಂದೇ. ಕರು ಹಾಕಿ ಎರಡು ತಿಂಗಳೂ ಆಗಿರಲಿಲ್ಲ, ಹಾಲು ಏರುವ ಕಾಲವೇ ಹೊರತು ಇಳಿಯುವ ಕಾಲವಲ್ಲ. ಮೊದಲು ಕ್ಯಾನು ಅರ್ಧಕ್ಕೆ ಬಂತು, ಮಾರನೆಯ ಬೆಳಗ್ಗೆ ತಳ ಮುಚ್ಚುವಷ್ಟು. ಲ್ಯಾಕ್ಟೋಮೀಟರ್ ಬಿಟ್ಟು ನೋಡಿದೆ, ಸರಿಯಾಗಿಯೇ ನಿಂತಿತು. ಮೂಗಿಗೆ ಹಿಡಿದೆ, ವಾಸನೆ ಇರಲಿಲ್ಲ. ಹಾಲಿನಲ್ಲಿ ದೋಷವಿಲ್ಲ ಎಂದು ಸುರಿದುಕೊಂಡೆ.

ಪಣಕಹಳ್ಳಿಯಲ್ಲಿ ನಮ್ಮದು ಚಿಕ್ಕ ಡೈರಿ. ನಮ್ಮ ಯಜಮಾನರು ಗೂಡ್ಸ್ ಗಾಡಿಯಲ್ಲಿ ಸುತ್ತಲ ಊರುಗಳಿಗೆ ಹೋಗಿ ಹಾಲು ತರುತ್ತಾರೆ. ಅಳೆಯುವುದು, ಪರೀಕ್ಷೆ ಮಾಡುವುದು ನನ್ನ ಕೆಲಸ, ಅದಕ್ಕಾಗಿ ನಾನೂ ಗಾಡಿಯಲ್ಲಿ ಹೋಗುತ್ತೇನೆ. ತಂದ ಹಾಲನ್ನು ದೊಡ್ಡ ಪಾತ್ರೆಯಲ್ಲಿ ಅರವತ್ತಮೂರು ಡಿಗ್ರಿಗೆ ಏರಿಸಿ, ಅರ್ಧ ಗಂಟೆ ಅಲ್ಲೇ ಹಿಡಿದು, ಆಮೇಲೆ ತಣಿಸಿ ಪ್ಯಾಕೆಟ್ಟಿಗೆ ತುಂಬುತ್ತೇವೆ. ಮೊಸರು ಹಾಕುವುದು ಮಾವನ ಪಾಲು, ಅವರ ಕೈ ಬಿದ್ದರೇ ಅದು ಕಟ್ಟಿ ನಿಲ್ಲುವುದು. ತಾಳವಾಡಿಯ ಟೀ ಅಂಗಡಿಗಳು, ಒಂದೆರಡು ಹೋಟೆಲು, ಕೆಲವು ಮನೆಗಳು, ಇಷ್ಟೇ ನಮ್ಮ ವ್ಯಾಪಾರ. ಇದರ ಜೊತೆಗೆ ದಾರಿಯಲ್ಲೇ ಕ್ಯಾನಿನಿಂದ ಸ್ವಲ್ಪ ಹಸಿ ಹಾಲು ಹೋಗುತ್ತಿತ್ತು. ತಿಗನಾರೆಯ ಈಶ್ವರನ ಗುಡಿಗೆ ಸೋಮವಾರದ ಅಭಿಷೇಕಕ್ಕೆ ಒಂದು ಚೊಂಬು ನಮ್ಮ ಗಾಡಿಯಿಂದಲೇ ಕೊಡುವುದು ಮಾವನ ಕಾಲದಿಂದ ನಡೆದು ಬಂದಿತ್ತು.

ಆ ಹಸುವಿನ ಮನೆಯ ಹೆಂಗಸು ನನಗಿಂತ ಕಿರಿಯಳು. ನನ್ನನ್ನು ಅಕ್ಕಾ ಎನ್ನುತ್ತಿದ್ದಳು, ನಾನೂ ಅವಳನ್ನು ತಂಗಿ ಎಂದೇ ಕರೆಯುತ್ತಿದ್ದೆ. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ಹಾಲು ತಳ ಮುಚ್ಚುವಷ್ಟೇ ಬಂದ ಆ ಬೆಳಗ್ಗೆ ತಂಗಿ ಖಾಲಿ ಕ್ಯಾನನ್ನು ಕೈಗೆ ತೆಗೆದುಕೊಂಡರೂ ಗಾಡಿಯ ಪಕ್ಕದಿಂದ ಕದಲಲಿಲ್ಲ.

"ಅಕ್ಕಾ, ಅಸು ಮೇವು ಮುಟ್ತಿಲ್ಲ ಕಣಕ್ಕ. ಬಾಯ್ಲಿ ಒಂದೇ ಸಮ ಜೊಲ್ಲು. ಗಂಟ್ಲಲ್ಲಿ ಯಾನಾ ಸಿಕ್ಕಂಡದ ಅಂತವ್ರೆ ನಮ್ಮೆಜಮಾನ್ರು. ಒಂದ್ಗಳಿಗ ಬಂದು ನೋಡ್ತಿರಾ?"

ಹಾಲು ಹಾಕುವವರ ದನಕ್ಕೆ ಏನಾದರೂ ಆದರೆ ಹೋಗಿ ನೋಡುವುದು ನಮ್ಮಲ್ಲಿ ರೂಢಿ. ಹೊಟ್ಟೆಯುಬ್ಬರಕ್ಕೆ ಎಣ್ಣೆ ಕುಡಿಸುವುದು, ಕೆಚ್ಚಲು ಬಾವು ಬಂದರೆ ಡಾಕ್ಟರಿಗೆ ಫೋನು ಮಾಡುವುದು, ಇಷ್ಟು ನಮಗೂ ಗೊತ್ತು. ಹೋದೆವು.

ಹಸು ಹಿತ್ತಲ ಹುಣಸೆ ಮರಕ್ಕೆ ಕಟ್ಟಿತ್ತು. ಕತ್ತು ಮುಂದಕ್ಕೆ ಚಾಚಿ ಕೂಗುತ್ತಿತ್ತು. ಕರುವನ್ನು ಕರೆಯುವ ಕೂಗಲ್ಲ, ಹಸಿವಿನದೂ ಅಲ್ಲ. ದನಿ ಒಡೆದು, ಒಳಗೆ ಏನೋ ಹರಿದುಹೋದ ಹಾಗೆ. ಬಾಯಿಯಿಂದ ಜೊಲ್ಲು ಹಗ್ಗದಂತೆ ನೆಲಕ್ಕೆ ಇಳಿದಿತ್ತು. ತಂಗಿಯ ಗಂಡ ಎಲೆಕೋಸಿನ ದಂಟು ಸಿಕ್ಕಿಕೊಂಡಿರಬೇಕು ಎಂದ. ಅವರ ಹೊಲದಲ್ಲಿ ಆಗ ಕೋಸು ಕಿತ್ತು ಮುಗಿದಿತ್ತು, ಮಿಕ್ಕ ಎಲೆ ದಂಟನ್ನೆಲ್ಲ ದನಕ್ಕೆ ಹಾಕಿದ್ದರು. ಮಾತು ಸರಿ ಅನ್ನಿಸಿತು. ನಮ್ಮ ಯಜಮಾನರು ಕೊಂಬು ಹಿಡಿದರು. ನಾನು ನಾಲಿಗೆಯನ್ನು ಪಕ್ಕಕ್ಕೆಳೆದು ಹಿಡಿದೆ. ತಂಗಿಯ ಗಂಡ ಮೊಣಕೈವರೆಗೆ ಒಳಗೆ ಕೈ ಹಾಕಿ ಹುಡುಕಿದ. ದಂಟೂ ಇಲ್ಲ, ಏನೂ ಇಲ್ಲ. ಕೈ ತೆಗೆದು ಪಂಚೆಗೆ ಒರೆಸಿಕೊಂಡ. ನಾನು ಸೆರಗಿಗೆ ಒರೆಸಿಕೊಂಡೆ. ದಿನವೂ ಕ್ಯಾನು ತೊಳೆಯುವ ಸೋಡಾಪುಡಿಗೆ ನನ್ನ ಬೆರಳ ಸಂದುಗಳು ಯಾವಾಗಲೂ ಒಡೆದೇ ಇರುತ್ತವೆ. ಜೊಲ್ಲು ತಾಗಿ ಅವು ಚುರುಗುಟ್ಟಿದವು. ಅದನ್ನು ಆಗ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ.

ದನದ ಡಾಕ್ಟರು ಬರುವ ಹೊತ್ತಿಗೆ ಬಿಸಿಲು ಏರಿತ್ತು. ಘಾಟಿಯ ಕೆಳಗಿನ ತಮಿಳು ಬಯಲಿನಿಂದ ವರ್ಗವಾಗಿ ಬಂದ ಹೆಣ್ಣುಮಗಳು, ತಮಿಳು ಬಿಟ್ಟರೆ ಕನ್ನಡ ಅರ್ಧಂಬರ್ಧ. ಹಸುವಿನ ಹತ್ತಿರ ಹೋಗಲೇ ಇಲ್ಲ. ದೂರದಲ್ಲೇ ನಿಂತು ನೋಡಿದರು. ಹಸು ಮತ್ತೆ ಕೂಗಿತು. ಅದರ ಹಿಂಗಾಲು ತೊಡರಿ, ಬೀಳುವಂತಾಗಿ, ಸಾವರಿಸಿಕೊಂಡಿತು. ಡಾಕ್ಟರ ಮುಖ ಬದಲಾದದ್ದು ನನಗೆ ಕಂಡಿತು.

"ನಾಯಿ ಕಡಿಚ್ಚುದಾ?" ಎಂದು ಕೇಳಿದರು. ನಾಯಿ ಕಚ್ಚಿತ್ತಾ ಎಂದು.

ತಂಗಿ ಗಂಡನ ಮುಖ ನೋಡಿದಳು. ಅವನು ನೆಲ ನೋಡಿದ. ಆಮೇಲೆ ಹೇಳಿದ: "ಒಂದ್ ನಾಯಿ ಬಂದಿತ್ತು. ಜೋಳದ ಒಲ ಕಾಯಕ್ಕ ಓಗಿದ್ನಲ್ಲ ಆವಾಗ, ಅಸೂ ಅಲ್ಲೇ ಕಟ್ಟಿತ್ತು. ಬೆಳಗಾಗ ಒತ್ಗ ಬಂದು ಅಸಿನ ಮೂತಿಗ ಬಾಯಾಕ್ಬುಡ್ತು. ಓಡಿಸ್ಬುಟ್ಟಿ. ಒಂದೂವರ ತಿಂಗ್ಳೇ ಆಗೋಯ್ತು."

"ನಿಮಗೆ ಕಚ್ಚಲಿಲ್ಲವಾ?" ಡಾಕ್ಟರು ಕೇಳಿದ್ದನ್ನು ನಾನು ಕನ್ನಡದಲ್ಲಿ ಕೇಳಿದೆ.

"ನಂಗಾ? ಇಲ್ಲ."

ಡಾಕ್ಟರು ನಮ್ಮನ್ನೆಲ್ಲ ನಲ್ಲಿಯ ಹತ್ತಿರ ನಿಲ್ಲಿಸಿದರು. ಬಟ್ಟೆ ತೊಳೆಯುವ ಸೋಪು ತರಿಸಿ, ಕೈಯನ್ನು ಮೊಣಕೈಯವರೆಗೆ ಉಜ್ಜಿಸಿದರು. ಸಾಕು ಎಂದು ನಾವು ಕೈ ತೆಗೆದರೆ ಮತ್ತೆ ಉಜ್ಜಿ ಎಂದರು. ಹುಚ್ಚುನಾಯಿಯ ರೋಗ ಹಸುವಿಗೆ ಹತ್ತಿದೆ, ಹಸು ಉಳಿಯುವುದಿಲ್ಲ, ಜೊಲ್ಲು ತಾಗಿದವರೆಲ್ಲ ಇವತ್ತೇ ಸೂಜಿ ಹಾಕಿಸಿಕೊಳ್ಳಬೇಕು, ಹಸುವಿನ ಹತ್ತಿರ ಯಾರೂ ಹೋಗಬಾರದು. ಅವರು ಒಂದೊಂದೇ ಮಾತನ್ನು ತಮಿಳಿನಲ್ಲಿ ಹೇಳಿದರು. ನಾನು ನಲ್ಲಿಯ ಕೆಳಗೆ ಕೈ ಇಟ್ಟುಕೊಂಡೇ ಅದನ್ನು ತಂಗಿಗೆ ಕನ್ನಡದಲ್ಲಿ ಹೇಳಿದೆ. ಹಸು ಉಳಿಯುವುದಿಲ್ಲ ಎಂಬ ಮಾತನ್ನು ಎರಡು ಸಲ ಹೇಳಬೇಕಾಯಿತು.

ಆಮೇಲೆ ನೆನಪಾದದ್ದು ಹಾಲು.

ಅಷ್ಟು ದಿನವೂ ಆ ಹಾಲು ನಮ್ಮ ಕ್ಯಾನಿಗೆ ಬಿದ್ದಿತ್ತು. ಡಾಕ್ಟರು ಹೇಳಿದರು: ಕಾಯಿಸಿದ ಹಾಲಿಗೆ ಭಯವಿಲ್ಲ, ಆ ಬಿಸಿಗೆ ರೋಗ ಉಳಿಯುವುದಿಲ್ಲ. ಹಾಲು ಕುಡಿದು ರೋಗ ಬಂದದ್ದನ್ನು ತಾನು ಎಲ್ಲೂ ಕೇಳಿಲ್ಲ. ಆದರೂ ಹಸಿಯಾಗಿ ಕುಡಿದವರಿದ್ದರೆ ಸೂಜಿ ಹಾಕಿಸುವುದೇ ಒಳ್ಳೆಯದು. ಯಜಮಾನರು ನನ್ನನ್ನು ನೋಡಿದರು. ಇಬ್ಬರ ಮನಸ್ಸಿಗೂ ಒಂದೇ ಬಂದಿತ್ತು. ಸೋಮವಾರ ಅಭಿಷೇಕವಾಗಿತ್ತು. ಆ ಹಾಲು ಪಂಚಾಮೃತವಾಗಿ ಊರಿನವರ ಅಂಗೈಗೆ ಬಿದ್ದಿತ್ತು.

ಡೈರಿಗೆ ಬಂದು ಅವತ್ತಿನ ಹಾಲನ್ನೆಲ್ಲ ಗುಂಡಿ ತೋಡಿ ಚೆಲ್ಲಿದೆವು. ಕಾಯಿಸಿದರೆ ಸಾಕಿತ್ತು, ಆದರೆ ಅದನ್ನು ಮಾರಲು ನನಗೆ ಮನಸ್ಸಾಗಲಿಲ್ಲ. ಮಾವ ಬೇಡ ಎನ್ನಲಿಲ್ಲ. ಗುಡಿಯ ಮಾತು ಎತ್ತಿದಾಗ ಮಾತ್ರ ತಡೆದರು.

"ಅವ್ವಾ, ಡಾಕ್ಟ್ರೇ ಏನಾಗಲ್ಲ ಅಂದವ್ರಲ್ಲ. ಊರ್ಗೆಲ್ಲ ಯೋಳಿ ಜನಾನ ಯಾಕ ಎದುರ್ಸಿಯೆ? ನಾಳಕ ನಮ್ಮಾಲ್ನ ಮುಟ್ಟವ್ರು ಯಾರು?"

"ಸೂಜಿ ಹಾಕಿಸಿ ಅಂತಲೂ ಹೇಳಿದ್ದಾರೆ ಮಾವ."

"ಒಂದು ಬೊಟ್ಟು ಆಲು. ಅದೂ ದೇವ್ರ ತಲ ಮ್ಯಾಲ ಉಯ್ದದ್ದು."

ಅವರು ಸುಳ್ಳು ಹೇಳಿಸಲು ನೋಡುತ್ತಿರಲಿಲ್ಲ. ಆ ಡೈರಿ ಅವರು ಸೈಕಲ್ಲಿನಲ್ಲಿ ಹಾಲು ಹೊತ್ತು ಕಟ್ಟಿದ್ದು, ಅದು ಮುಳುಗುವುದನ್ನು ಕಣ್ಣ ಮುಂದೆ ಕಾಣುತ್ತಿದ್ದರು. ಯಜಮಾನರು ಗಾಡಿಯ ಬೀಗದ ಕೈ ತೆಗೆದುಕೊಂಡು, "ಬಾ ಓಗವ" ಎಂದರು. ನಾವು ಮತ್ತೆ ತಿಗನಾರೆಗೆ ಹೋದೆವು.

ಗುಡಿಯ ಪೂಜೆ ಮಾಡುವ ತಮ್ಮಡಿಯವರಿಗೆ ಮೊದಲು ಹೇಳಿದೆವು. ಎಲ್ಲರ ಕೈಗೂ ಉದ್ಧರಣೆಯಲ್ಲಿ ಹಾಕಿದವರು ಅವರೇ. ಗುಡಿಯ ಮೈಕಿನಲ್ಲಿಯೂ ಅವರೇ ಕೂಗಿದರು: ಸೋಮವಾರ ಪಂಚಾಮೃತ ತೆಗೆದುಕೊಂಡವರೆಲ್ಲ ತಾಳವಾಡಿ ಆಸ್ಪತ್ರೆಗೆ ಹೋಗಬೇಕು, ಹಾಲಿನ ಗಾಡಿ ಕಾಯುತ್ತಿದೆ. ಕಾರಣ ಹೇಳಲು ನನ್ನ ಕೈಗೆ ಮೈಕು ಕೊಟ್ಟರು. ಹೇಳಿದೆ. ಜನ ಸೇರಿದರು. ಒಬ್ಬ ಗಂಡಸು ಗಾಡಿಯ ಬಾಗಿಲಿಗೆ ಗುದ್ದಿದ. ಒಬ್ಬಾಕೆ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ನನ್ನ ಎದುರು ಬಂದು ನಿಂತಳು.

"ನಾ ಬೇಡ ಅಂದ್ರೂವಿ ಕೂಸಿನ ಬಾಯ್ಗ ಅಚ್ಚುದ್ರಲ್ಲಕ್ಕಾ. ಈಗ ಯಾನ್ ಮಾಡ್ಲಿ?"

"ಗಾಡಿ ಹತ್ತವ್ವ," ಎಂದೆ.

ಹಾಲಿನ ಕ್ಯಾನು ಹೊರುವ ಗಾಡಿಯಲ್ಲಿ ಸಂಜೆಯವರೆಗೆ ಜನರನ್ನು ಹೊತ್ತೆವು. ಆಸ್ಪತ್ರೆಯ ಡಾಕ್ಟರು ಒಬ್ಬೊಬ್ಬರನ್ನೂ ಕೂರಿಸಿ ವಿಚಾರಿಸಿ ಸೂಜಿ ಹಾಕಿಸಿದರು. ಒಂದು ಸೂಜಿಯಲ್ಲಿ ಮುಗಿಯುವುದಿಲ್ಲ, ಕರೆದಾಗಲೆಲ್ಲ ಬರಬೇಕು, ನಡುವೆ ಬಿಡಬಾರದು ಎಂದು ಎಲ್ಲರಿಗೂ ಹೇಳಿದರು. ನನ್ನ ಒಡೆದ ಬೆರಳುಗಳನ್ನು ನೋಡಿ, ಗಾಯಕ್ಕೇ ಹಾಕುವ ಇನ್ನೊಂದು ಮದ್ದಿದೆ, ಅದಕ್ಕೆ ಕೆಳಗೆ ಸತ್ಯಮಂಗಲಕ್ಕೆ ಹೋಗಿ ಎಂದು ಬರೆದುಕೊಟ್ಟರು. ಮಾರನೆಯ ದಿನವೇ ಹೋಗಿ ಹಾಕಿಸಿಕೊಂಡೆ. ತಂಗಿಯ ಗಂಡನ ಸರದಿ ಬಂದಾಗ ನಾನು ಪಕ್ಕದಲ್ಲೇ ಇದ್ದೆ. ಅವನ ಬಲಗೈಯ ತೋರುಬೆರಳಲ್ಲಿ ಮಾಗಿದ ಗಾಯದ ಕಲೆ ಇತ್ತು.

"ಇದೇನು?" ಡಾಕ್ಟರು ಕೇಳಿದರು.

"ಕುಡ್ಲು ತಾಗಿದ್ದು ಸಾರ್. ಅಳೇದು."

ನಾಯಿ ಕಚ್ಚಿತ್ತಾ ಎಂದು ಇನ್ನೊಂದು ಸಲ ಕೇಳಿದರು. ಇಲ್ಲ ಎಂದ. ತಂಗಿ ಬಾಗಿಲ ಹತ್ತಿರ ಸೆರಗನ್ನು ಬಾಯಿಗೆ ಹಿಡಿದು ನಿಂತಿದ್ದಳು. ಹಸುವಿಗಾಗಿ ಅಳುತ್ತಿದ್ದಾಳೆ ಎಂದುಕೊಂಡೆ. ತೆರೆದ ಗಾಯ ಇಲ್ಲವಾದ್ದರಿಂದ ಅವನಿಗೆ ಸೂಜಿ ಮಾತ್ರ ಹಾಕಿ ಕಳಿಸಿದರು.

ಹಸು ಇನ್ನೆರಡು ದಿನ ಜೀವ ಹಿಡಿದಿತ್ತು. ಮೊದಲು ಹಿಂಗಾಲು ಹೋಯಿತು, ಆಮೇಲೆ ಕತ್ತು. ದನಿ ಪೂರಾ ನಿಂತ ಮೇಲೂ ಬಾಯಿ ತೆರೆದು ಕೂಗುವ ಹಾಗೆ ಮಾಡುತ್ತಿತ್ತು. ಕರುವನ್ನು ದೂರ ಕಟ್ಟಿದ್ದರು, ಅದು ಅಲ್ಲಿಂದಲೇ ಎಳೆದಾಡುತ್ತಿತ್ತು. ರೋಗ ಯಾವುದೆಂದು ಖಚಿತ ಮಾಡಲು ಸತ್ತ ಮೇಲೆ ತಲೆಯ ಒಳಗಿನ ಚೂರು ತೆಗೆದು ಕಳಿಸಬೇಕು ಎಂದು ದನದ ಡಾಕ್ಟರು ಕೇಳಿದರು. ಹಸುವಿನ ತಲೆ ಕೊಯ್ಯಲು ಆ ಮನೆಯವರು ಒಪ್ಪಲಿಲ್ಲ. ಆಳುದ್ದ ಗುಂಡಿ ತೆಗೆಸಿ, ಸುಣ್ಣ ಸುರಿದು, ಮುಚ್ಚಿದೆವು. ಕಟ್ಟಿದ್ದ ಹಗ್ಗ, ನೀರು ಕುಡಿಯುತ್ತಿದ್ದ ಬಾನಿ ಎಲ್ಲವನ್ನೂ ಅದರೊಳಗೇ ಹಾಕಿದೆವು.

ಆಮೇಲೆ ಕೆಲವು ವಾರ ಡೈರಿ ಹೇಗೋ ನಡೆಯಿತು. ಹಸಿ ಹಾಲು ಕೊಡುವುದನ್ನು ಪೂರ್ತಿ ನಿಲ್ಲಿಸಿದೆವು. ತಾಳವಾಡಿಯ ಟೀ ಅಂಗಡಿಗಳಲ್ಲಿ ಮೊದಲು ಗುಸುಗುಸು ಇತ್ತು. ಯಜಮಾನರು ಅಂಗಡಿಯಿಂದ ಅಂಗಡಿಗೆ ಹೋಗಿ, ಕಾಯಿಸಿದ ಹಾಲಿಗೆ ದೋಷವಿಲ್ಲ ಎಂದು ಹೇಳಿ, ಅವರ ಎದುರೇ ನಮ್ಮ ಪ್ಯಾಕೆಟ್ ಒಡೆಸಿ ಟೀ ಮಾಡಿಸಿ ಕುಡಿದು ಬಂದರು. ಬಹಳ ಅಂಗಡಿಯವರು ಉಳಿದರು. ಸೂಜಿ ಹಾಕಿಸಿಕೊಂಡವರನ್ನು ದಿನ ಬಂದಾಗಲೆಲ್ಲ ನಾವೇ ಗಾಡಿಯಲ್ಲಿ ಕರೆದೊಯ್ದೆವು. ತಂಗಿಯ ಗಂಡ ಎರಡನೆಯ ಸಲ ಬಂದ. ಆಮೇಲೆ ಬರಲಿಲ್ಲ. ಹುಡುಕಿಕೊಂಡು ಹೋದರೆ ಜೋಳ ಮುರಿಯಲು ಹೋಗಿದ್ದಾನೆ ಎನ್ನುತ್ತಿದ್ದರು. ಮುಂದಿನ ಸಲವೂ ಅದೇ ಮಾತು.

ಒಂದು ಬೆಳಗ್ಗೆ ತಂಗಿ ಗಾಡಿ ನಿಲ್ಲುವ ಜಾಗಕ್ಕೆ ಬಂದಳು. ಅವಳ ಮನೆಯಲ್ಲಿ ಆಗ ಕರೆಯುವ ದನವೇ ಇರಲಿಲ್ಲ. ಬರಿಗೈಯಲ್ಲಿ ಬಂದಿದ್ದಳು.

"ಅಕ್ಕಾ, ಅವ್ರ್ಗ ನೀರ್ ಕುಡಿಯಕ್ಕಾಯ್ತಿಲ್ಲ."

ಹೋಗಿ ನೋಡಿದೆವು. ಗೋಡೆಗೆ ಒರಗಿ ಕೂತಿದ್ದ, ಮಾತು ನೆಟ್ಟಗಿತ್ತು, ನಮ್ಮನ್ನು ಗುರುತಿಸಿ ಕೂರಿ ಎಂದ. ಬೆರಳಿಂದ ಭುಜದವರೆಗೆ ಜೋಮು ಹಿಡಿದ ಹಾಗೆ ಆಗುತ್ತಿದೆ ಎಂದ. ತಂಗಿ ಲೋಟದಲ್ಲಿ ನೀರು ತಂದಳು. ಅವನು ಕೈಗೆ ತೆಗೆದುಕೊಂಡ, ಬಾಯಿಯ ಹತ್ತಿರಕ್ಕೂ ತಂದ. ಅಷ್ಟರಲ್ಲಿ ಕತ್ತಿನ ನರಗಳೆಲ್ಲ ಬಿಗಿದುಕೊಂಡು ಲೋಟ ಕೈಯಿಂದ ಹಾರಿಹೋಯಿತು. ಅವನಿಗೇ ನಾಚಿಕೆಯಾದಂತೆ ನಮ್ಮ ಕಡೆ ನೋಡಿದ.

ದಿಂಬಂ ಘಾಟಿಯಲ್ಲಿ ಅವನನ್ನು ಬಾಡಿಗೆ ಕಾರಿನಲ್ಲಿ ಇಳಿಸಿದೆವು. ಗಾಳಿ ತಾಗಿದರೆ ಅವನ ಗಂಟಲು ಹಿಡಿಯುತ್ತಿತ್ತು. ಕಿಟಕಿ ಗಾಜೆಲ್ಲ ಏರಿಸಿ, ಅದರ ಸಂದಿಗೆ ಟವೆಲು ತುರುಕಿದ್ದೆವು. ಒಳಗೆ ಬೆವರಿ ನೀರಾಗುತ್ತಿದ್ದೆವು. ಒಂದು ತಿರುವಿನಲ್ಲಿ ಲಾರಿಗೆ ದಾರಿ ಬಿಡಲು ನಿಂತಾಗ ಅವನು ಯಜಮಾನರಿಗೆ ಹೇಳಿದ: "ಅಣ್ಣಾ, ಗಾಜ್ನ ಮಾತ್ರ ಇಳಿಸ್ಬ್ಯಾಡಿ." ಅವನು ನಮಗೆ ಆಡಿದ ಕೊನೆಯ ಮಾತು ಅದು. ಕೆಳಗಿನ ಆಸ್ಪತ್ರೆಯಲ್ಲಿ ಅವನನ್ನು ಮಂಕು ಬೆಳಕಿನ ಕೋಣೆಯಲ್ಲಿ ಒಬ್ಬನನ್ನೇ ಮಲಗಿಸಿದರು. ಮದ್ದು ಕೊಟ್ಟು ಮಲಗಿಸುವುದು ಬಿಟ್ಟರೆ ಮಾಡುವುದೇನೂ ಉಳಿದಿಲ್ಲ ಎಂದರು. ಮಾರನೆಯ ಮಧ್ಯಾಹ್ನ ಹೋದ.

ಆಸ್ಪತ್ರೆಯ ಮೊಗಸಾಲೆಯಲ್ಲಿ, ದೇಹ ಕೈಗೆ ಸಿಗಲೆಂದು ಕಾಯುತ್ತಿದ್ದಾಗ, ತಂಗಿ ಹೇಳಿದಳು. ನಾನು ಕೇಳಿರಲಿಲ್ಲ.

"ನಾಯಿ ಅವ್ರ್ಗೂ ಕಚ್ಚಿತ್ತು ಕಣಕ್ಕ. ಅಸಿನ ಬುಡ್ಸಕ್ಕ ಓಗಿ ಬೆರಳ್ನ ಕಚ್ಕಬುಡ್ತು. ಎಲೆ ಔಸ್ತಿ ಕೊಡೋರ ತಾವ್ಕ ನಾನೇ ಕರ್ಕಂಡೋದಿ. ಅವ್ರು ಎಲೆ ಕಟ್ಟಿ, ಪಥ್ಯ ಯೋಳಿ, ಸೂಜಿ ಆಕ್ಸುದ್ರ ಔಸ್ತಿ ಕೆಟ್ಟೋದದು ಅಂದಿದ್ರು. ಅದ್ಕೇ ಆಮ್ಯಾಲ ಬರ್ನಿಲ್ಲ."

"ಡಾಕ್ಟರು ಕೇಳಿದಾಗ ಯಾಕೆ ಹೇಳಲಿಲ್ಲ ತಂಗಿ?"

ಅವಳು ನನ್ನ ಮುಖ ನೋಡಿದಳು. "ನಾಯಿ ಕಚ್ಚಿದ್ ಮನ ಅಂದ್ರ ನೀವು ಆಲ್ ತಕ್ಕಳಲ್ಲ ಅಂತ."

ಕಾಯಿಲೆ ದನದ ಹಾಲು ತೆಗೆದುಕೊಳ್ಳುವುದಿಲ್ಲ ಎಂಬುದು ನಮ್ಮ ಡೈರಿಯ ಕಟ್ಟಳೆ. ಅದು ಸರಿಯಾದ ಕಟ್ಟಳೆಯೇ. ಈಗಲೂ ಇದೆ. ಆದರೆ ಅದು ಒಂದು ಮನೆಯೊಳಗೆ ಹೋಗಿ ಹೀಗೆ ಕೆಲಸ ಮಾಡಬಹುದೆಂದು ನಾವ್ಯಾರೂ ಯೋಚಿಸಿರಲಿಲ್ಲ.

"ಅಕ್ಕಾ, ಇದ್ನ ಯಾರ್ಗೂ ಯೋಳ್ಬ್ಯಾಡ. ನಾ ಕರ್ಕಂಡೋದಿ ಅಂತ ಗೊತ್ತಾದ್ರ ನಮ್ಮತ್ತ ನನ್ನ ಮನ ಒಳಗ ಇಟ್ಕಳಲ್ಲ," ಎಂದು ನನ್ನ ಕೈ ಹಿಡಿದಳು. ಹೇಳುವುದಿಲ್ಲ ಎಂದೆ.

ದೇಹ ಊರಿಗೆ ಬರುವ ಮೊದಲೇ ಮಾತು ಊರಿಗೆ ಬಂದಿತ್ತು. ಹಾಲಿನಿಂದ ಸತ್ತ. ಸೂಜಿ ಹಾಕಿಸಿಕೊಂಡರೂ ಸತ್ತ. ಅದರ ಹಿಂದೆಯೇ ತಾಳವಾಡಿಯ ಅಂಗಡಿಗಳು ಒಂದೊಂದಾಗಿ ನಮ್ಮ ಹಾಲು ಬೇಡವೆಂದವು. ಬೈದು ಕಳಿಸಲಿಲ್ಲ. ಕೆಲವರು ಬಾಗಿಲಲ್ಲೇ ಕೈಯಾಡಿಸಿದರು, ಕೆಲವರು ಒಳಗಿದ್ದೂ ಇಲ್ಲವೆನ್ನಿಸಿದರು. ತಿಗನಾರೆಯವರು ತಮ್ಮ ಹಾಲನ್ನು ಕೆಳಗಿನಿಂದ ಬರುವ ಟ್ಯಾಂಕರಿಗೆ ಹಾಕತೊಡಗಿದರು. ಪಂಚಾಮೃತ ಕುಡಿದವರ ಗತಿ ಇನ್ನೂ ಕೆಟ್ಟದ್ದು. ಮಗುವನ್ನು ಸೊಂಟದ ಮೇಲೆ ಹೊತ್ತು ಬಂದಿದ್ದಾಕೆ ದಿನವೂ ಅದಕ್ಕೆ ಲೋಟದಲ್ಲಿ ನೀರು ಕೊಟ್ಟು, ಕುಡಿಯುವುದನ್ನು ನೋಡುತ್ತಾ ಕೂರುತ್ತಾಳೆ ಎಂದು ಕೇಳಿದೆ.

ನಾನು ಮನೆಯಲ್ಲಿ ಬಾಯಿ ಬಿಟ್ಟಿದ್ದೆ. ಯಜಮಾನರಿಗೂ ಮಾವನಿಗೂ ಹೇಳದೆ ಇರಲಾಗಲಿಲ್ಲ. ಮಾವ ಕೂತಲ್ಲಿಂದ ಎದ್ದರು.

"ಅಂಗಾದ್ರ ಯೋಳು! ಗುಡಿ ಮೈಕಲ್ಲೇ ಯೋಳು. ನಾಯಿ ಕಚ್ಚಿ ಸತ್ತಿದ್ದು, ಆಲಲ್ಲ. ಆವತ್ತು ಬ್ಯಾಡ ಅಂದ್ರೂ ಯೋಳುದ್ದಲ್ಲ, ಇವತ್ಯಾಕ ಬಾಯ್ಗ ಬೀಗ ಆಕಂಡಿದ್ದೀಯೆ?"

"ಅವಳಿಗೆ ಮಾತು ಕೊಟ್ಟಿದ್ದೇನೆ ಮಾವ."

ಮಾವ ಮೊಸರಿನ ಪಾತ್ರೆಗಳ ಕಡೆ ನೋಡಿದರು. ಕವುಚಿಟ್ಟಿದ್ದ ಪಾತ್ರೆಗಳು ಒಣಗಿ ಹೋಗಿದ್ದವು. "ಅಂಗಾರ ಇದ್ನ ಮುಚ್ಚನ," ಎಂದು ಹೊರಗೆ ಹೋದರು.

ಡೈರಿಯೊಂದೇ ಆಗಿದ್ದರೆ ನಾನು ಸುಮ್ಮನೇ ಇದ್ದುಬಿಡುತ್ತಿದ್ದೆನೋ ಏನೋ. ನನಗೆ ನಿದ್ದೆ ಕೆಡಿಸಿದ್ದು ಆ ನಾಯಿ. ಹಸುವಿಗೂ ಕಚ್ಚಿ ಅವನಿಗೂ ಕಚ್ಚಿದ ನಾಯಿ ಅಲ್ಲಿಗೇ ನಿಂತಿರುತ್ತದೆಯೇ? ಆಸ್ಪತ್ರೆಯ ನರ್ಸಮ್ಮನಿಗೆ ಹೆಸರು ಹೇಳದೆ ಇಷ್ಟು ಹೇಳಿದೆ: ತಿಗನಾರೆಯಲ್ಲಿ ನಾಯಿ ಜನರಿಗೂ ಕಚ್ಚಿದೆ, ಮನೆಮನೆಗೆ ಹೋಗಿ ವಿಚಾರಿಸಿ. ಅವರು ಬಿಸಿಲಲ್ಲಿ ಊರೆಲ್ಲ ಸುತ್ತಿ ನಮ್ಮ ಡೈರಿಗೆ ಬಂದು ಕೂತರು.

"ಎಲ್ಲರೂ ಹಾಲಿನ ಮಾತೇ ಆಡುತ್ತಾರೆ. ನಾಯಿಯ ಮಾತು ಕೇಳಿದರೆ ನಗುತ್ತಾರೆ. ನಾಯಿ ಯಾವಾಗ ಕಚ್ಚಲ್ಲ ಹೇಳಿ ಅಂತಾರೆ. ಹಾಲು ಕುಡಿದವರಿಗೆ ಭಯ, ನಾಯಿ ಕಚ್ಚಿಸಿಕೊಂಡವರಿಗೆ ಇಲ್ಲ," ಎಂದರು.

ಅವತ್ತೇ ತಂಗಿಯ ಮನೆಗೆ ಹೋದೆ. ತಿಥಿಯ ಕಾರ್ಯಕ್ಕೆ ಒಂದು ದಿನ ಉಳಿದಿತ್ತು. ಅವಳು ಹಿತ್ತಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಅತ್ತೆ ಒಳಗಿದ್ದರು.

ದನಿ ತಗ್ಗಿಸಿ ಹೇಳಿದೆ: "ನಾಳೆ ನಾನು ಹೇಳುತ್ತೇನೆ ತಂಗಿ. ನಾಯಿ ಕಚ್ಚಿತ್ತು ಅಂತ ಮಾತ್ರ. ನಿನಗೆ ಗೊತ್ತಿತ್ತು ಅಂತ ಹೇಳುವುದಿಲ್ಲ. ಇನ್ಯಾರಾದರೂ ಎಲೆ ಕಟ್ಟಿಸಿಕೊಂಡು ಕೂತಿದ್ದರೆ ಅವರೂ ಹೀಗೇ ಹೋಗುತ್ತಾರೆ. ಅದನ್ನು ತಡೆದುಕೊಳ್ಳಲು ನನ್ನಿಂದ ಆಗುವುದಿಲ್ಲ. ನಿನಗೆ ತಿಳಿಸದೆ ಊರಿಗೆ ಹೇಳಿಬಿಡಬಾರದು ಅಂತ ಬಂದೆ."

ಅವಳು ಅಕ್ಕಿಯಿಂದ ಕೈ ತೆಗೆಯಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. "ನೀ ಯೋಳುದ್ರ ಯಾರ್ ನಂಬಾರು? ಡೈರಿ ಉಳಿಸ್ಕಳಕ್ಕ ಸತ್ತೋನ್ ಮ್ಯಾಲ ಆಕುದ್ರು ಅಂದಾರು." ಅಷ್ಟೇ ಹೇಳಿದಳು. ಅವಳು ಹೇಳಿದ್ದು ನಿಜ. ನಾನು ಎದ್ದು ಬಂದೆ. ಏನು ಮಾಡುವುದೆಂದು ತೋಚಲಿಲ್ಲ.

ಕಾರ್ಯದ ದಿನ ನೆಂಟರು, ಊರಿನವರು ಚಪ್ಪರದ ಕೆಳಗೆ ಕೂತಿದ್ದರು. ನಮ್ಮನ್ನು ಯಾರೂ ಕರೆದಿರಲಿಲ್ಲ, ಹೋಗಿದ್ದೆವು. ನಾವು ಕೂತ ಕಡೆ ಪಕ್ಕದವರು ಸ್ವಲ್ಪ ಸರಿದರು. ಪೂಜೆ ಮುಗಿದು ಎಲೆ ಹಾಕುವ ಹೊತ್ತಿಗೆ ತಂಗಿ ಒಳಗಿನಿಂದ ಬಂದು ಚಪ್ಪರದ ಕಂಬ ಹಿಡಿದು ನಿಂತಳು.

"ನನ್ ಗಂಡುನ್ನ ಆಲು ಕೊಂದ್ನಿಲ್ಲ," ಎಂದಳು. "ನಾಯಿ ಕಚ್ಚಿತ್ತು. ಈ ಬೆರಳ್ಗ. ಆಸ್ಪತ್ರಿಗ ಬ್ಯಾಡ ಅಂತ ನಾನೇ ಎಲೆ ಕಟ್ಟುಸ್ದಿ. ಡಾಕ್ಟ್ರು ಕೇಳ್ದಾಗ್ಲೂ ಮುಚ್ಚಿಟ್ಟೋ. ನಿಮ್ಮಲ್ಲಿ ಯಾರ್ಗಾರಾ ಕಚ್ಚಿದ್ರ ಬಚ್ಚಿಡ್ಬ್ಯಾಡಿ. ನಂಗಾದಂಗ ಆದದು."

ಅತ್ತೆ ಓಡಿಬಂದರು. ಹೊಡೆಯಲು ಕೈ ಎತ್ತಿದವರು ಹೊಡೆಯಲಾಗದೆ ಅವಳ ಕಾಲ ಬಳಿಯೇ ಕುಸಿದರು. "ಕೊಂದ್ಬುಟ್ಟಲ್ಲೇ, ನನ್ ಮಗುನ್ನ ನೀನೇ ಕೊಂದ್ಬುಟ್ಟಲ್ಲೇ," ಎಂದು ನೆಲಕ್ಕೆ ತಲೆ ಚಚ್ಚಿಕೊಂಡರು. ಯಾರೂ ಎಬ್ಬಿಸಲು ಹೋಗಲಿಲ್ಲ. ತಂಗಿ ಕಂಬ ಬಿಡದೆ ನಿಂತೇ ಇದ್ದಳು. ಕೊನೆಗೆ ನಾನು ಹೋಗಿ ಆ ಮುದುಕಿಯನ್ನು ಎತ್ತಿದೆ. ಅವರು ನನ್ನ ಕೈಯನ್ನೂ ಕಿತ್ತೆಸೆದರು.

ಊಟಕ್ಕೆ ಬಹಳ ಜನ ನಿಲ್ಲಲಿಲ್ಲ. ಎದ್ದು ಹೋಗುವವರ ನಡುವೆ ಕುರಿ ಕಾಯುವ ಮುದುಕರೊಬ್ಬರು ಯಜಮಾನರ ಹತ್ತಿರ ಬಂದು ಪಂಚೆ ಎತ್ತಿ ಮೊಣಕಾಲ ಕೆಳಗೆ ತೋರಿಸಿದರು. ಅವರ ಹಿಂದೆ ಇನ್ನೊಬ್ಬಾಕೆ, ಸೌದೆಗೆ ಹೋದಾಗ ಕಚ್ಚಿಸಿಕೊಂಡವಳು, ಮುಂಗೈ ತೋರಿಸಿದಳು. ಇಬ್ಬರೂ ಅದೇ ಎಲೆ ಕಟ್ಟಿಸಿಕೊಂಡವರು. ಅಲ್ಲಿಂದಲೇ ಇಬ್ಬರನ್ನೂ ಗಾಡಿ ಹತ್ತಿಸಿದೆವು. ಸೂಜಿಯ ಕೊನೆಯವರೆಗೂ ಒಂದು ದಿನವೂ ತಪ್ಪದ ಹಾಗೆ ಯಜಮಾನರು ಅವರನ್ನು ಕರೆದೊಯ್ದರು. ಇಬ್ಬರೂ ಈಗಲೂ ಇದ್ದಾರೆ. ಪಂಚಾಮೃತ ಕುಡಿದವರಲ್ಲಿ ಯಾರಿಗೂ ಏನೂ ಆಗಲಿಲ್ಲ.

ತಂಗಿಯನ್ನು ಅತ್ತೆಯ ಮನೆಯವರು ಇಟ್ಟುಕೊಳ್ಳಲಿಲ್ಲ. ಆ ವಾರವೇ ಅವಳ ಅಣ್ಣ ಬಂದು ತವರಿಗೆ ಕರೆದೊಯ್ದ. ಒಮ್ಮೆ ನೋಡಲು ಹೋಗಿದ್ದೆ. ಕೂಲಿಗೆ ಹೋಗುತ್ತಿದ್ದಳು. ನನಗೆ ಟೀ ಕೊಟ್ಟು ಎದುರಿಗೆ ಕೂತಳು. ಹೊರಡುವಾಗ, ಮತ್ತೆ ಬರುತ್ತೇನೆ ಎಂದೆ. "ಬರ್ಬ್ಯಾಡ ಅಕ್ಕಾ. ನಿನ್ನ ನೋಡುದ್ರ ಆಸ್ಪತ್ರಿ ನೆಪ್ಪಾದದು," ಎಂದಳು. ಹೋಗಿಲ್ಲ.

ಹಾಲಿನಿಂದ ಅಲ್ಲ ಎಂದು ಗೊತ್ತಾದ ಮೇಲೂ ಅಂಗಡಿಗಳು ತಿರುಗಿ ಬರಲಿಲ್ಲ. ಅವರಿಗೆ ಅಷ್ಟರಲ್ಲಿ ಬೇರೆ ಪ್ಯಾಕೆಟ್ಟು ಅಭ್ಯಾಸವಾಗಿತ್ತು. ಎರಡು ಊರಿನ ಹಾಲಷ್ಟೇ ಈಗ ನಮ್ಮದು. ಮೊಸರಿನ ಪಾತ್ರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕವುಚಿಯೇ ಇವೆ. ಮಾವ ಮಾತ್ರ ವಾರಕ್ಕೊಮ್ಮೆ ಅವುಗಳನ್ನೂ ತೊಳೆದು ಮತ್ತೆ ಕವುಚಿಡುತ್ತಾರೆ. ದನಕ್ಕೆ ನಾಯಿ ಕಚ್ಚಿತು ಎಂದು ಯಾರಾದರೂ ಬಂದು ಹೇಳಿದರೆ ಹಾಲು ತೆಗೆದುಕೊಳ್ಳುವುದಿಲ್ಲ, ಆದರೆ ಮೊದಲು ಆ ಮನೆಯವರನ್ನೆಲ್ಲ ಆಸ್ಪತ್ರೆಗೆ ಮುಟ್ಟಿಸುತ್ತೇವೆ. ಆ ದನಕ್ಕೆ ಸೂಜಿ ಮುಗಿಯುವವರೆಗೂ ಮೇವು ನಮ್ಮ ಕಡೆಯಿಂದ.

ಮೊನ್ನೆ ಬೇಸಿಗೆಯಲ್ಲಿ ಒಂದು ಬೆಳಗ್ಗೆ ತಿಗನಾರೆಯ ತಿರುವಿನಲ್ಲಿ ಒಬ್ಬ ಗಂಡಸು ನಮ್ಮ ಗಾಡಿಗೆ ಅಡ್ಡ ಬಂದ. ಟ್ಯಾಂಕರಿಗೆ ಹಾಲು ಹಾಕುವವನು, ನಮಗಲ್ಲ. ತೋಳಿನ ಮೇಲೆ ಹೆಂಡತಿಯನ್ನು ಆನಿಸಿಕೊಂಡಿದ್ದ. ಅವಳ ಮೀನಖಂಡದಿಂದ ರಕ್ತ ಇಳಿಯುತ್ತಿತ್ತು. ಸೋಪು ಹಾಕಿ ತೊಳೆದು ಬಂದಿದ್ದರು, ಸೀರೆಯ ಅಂಚೆಲ್ಲ ನೊರೆ.

"ಅಣ್ಣಾ, ನಾಯಿ ಕಚ್ಬುಡ್ತು. ಬಸ್ಸು ಇನ್ನೂ ಒತ್ತಾದದು. ನಿಮ್ ಗಾಡೀಲಿ ಜಾಗ ಅದಾ?"

ಜಾಗ ಇರಲಿಲ್ಲ. ಹಿಂದೆ ಪೂರಾ ಕ್ಯಾನು ಕಟ್ಟಿತ್ತು, ಮುಂದೆ ನಾವಿಬ್ಬರು. ಯಜಮಾನರು ಇಳಿದು ಹಗ್ಗ ಬಿಚ್ಚಿದರು. ನಾನೂ ಇಳಿದು ಕೈ ಕೊಟ್ಟೆ. ತುಂಬಿದ ಕ್ಯಾನುಗಳನ್ನು ಒಂದೊಂದಾಗಿ ರಸ್ತೆ ಬದಿಗೆ ಇಳಿಸಿ ಆ ಹೆಂಗಸನ್ನು ಹಿಂದೆ ಮಲಗಿಸಿದೆವು. ಗಾಡಿ ತಾಳವಾಡಿಯ ಕಡೆ ತಿರುಗಿತು. ನಾನು ಕ್ಯಾನುಗಳ ಪಕ್ಕ ಕೂತೆ. ಸುತ್ತ ಕಟಾವಾದ ಹೊಲ, ನೆರಳಿಗೆ ಒಂದು ಮರವಿಲ್ಲ. ಬಿಸಿಲು ಏರಿದಂತೆ ಸೆರಗನ್ನು ಒದ್ದೆ ಮಾಡಿ ಕ್ಯಾನುಗಳ ಮೇಲೆ ಹೊದಿಸಿ ನೋಡಿದೆ, ಅದೂ ಒಣಗಿತು. ಮುಚ್ಚಳ ತೆಗೆದು ಮೂಸಿದಾಗ ಮೊದಲ ಕ್ಯಾನಿನಲ್ಲಿ ಹುಳಿ ವಾಸನೆ ಎದ್ದಿತ್ತು. ಆಮೇಲೆ ಎಲ್ಲದರಲ್ಲೂ.

ಮಧ್ಯಾಹ್ನ ಗಾಡಿ ವಾಪಸು ಬಂತು. ಯಜಮಾನರ ಪಕ್ಕದಲ್ಲಿ ಮಾವನೂ ಇದ್ದರು, ಸುದ್ದಿ ಕೇಳಿ ದಾರಿಯಲ್ಲಿ ಹತ್ತಿದ್ದರು.

"ಸೂಜಿ ಆಯ್ತಾ?" ಎಂದೆ.

"ಆಯ್ತು. ಗಾಯಕ್ಕ ಆಕದೂ ಇತ್ತು, ಆಕುದ್ರು," ಎಂದರು ಯಜಮಾನರು.

ಮಾವ ಒಂದು ಕ್ಯಾನಿನ ಮುಚ್ಚಳ ತೆಗೆದು ನೋಡಿದರು. ಹಾಲು ಒಡೆದು ಗಡ್ಡೆ ಕಟ್ಟಿತ್ತು. ಕ್ಯಾನನ್ನು ಎರಡೂ ಕೈಯಲ್ಲಿ ಎತ್ತಿ ಚರಂಡಿಗೆ ಬಗ್ಗಿಸಿದರು. ನಾನು ಎರಡನೆಯದರ ಹಿಡಿಗೆ ಕೈ ಹಾಕಿದೆ.